ಸರ್ವ್ ಹೊಡೆಯೋದು ಕೈ ಅಲ್ಲ ಗುರು!

(1/6)
ಟೆನಿಸ್ ಕೋರ್ಟಲ್ಲಿ ಯಾರದ್ದಾದ್ರೂ ಸರ್ವ್ ಎರಡು ಸಲ ನೆಟ್‌ಗೆ ಬಿದ್ರೆ ಸಾಕು, ಹಿಂದಿನಿಂದ ಒಂದು ಧ್ವನಿ ಬಂದೇ ಬರುತ್ತೆ: "ಕೈಗೆ ಜೋರು ಹಾಕೋ!" ಮಾರನೇ ದಿನದಿಂದ ಆ ಹುಡುಗ ಜಿಮ್‌ಗೆ ಹೋಗಿ ಬೈಸೆಪ್ಸ್ ಕರ್ಲ್ ಶುರು. ಹುಡುಗಿಯಾದ್ರೆ ಇನ್ನೂ ಸುಲಭದ ತೀರ್ಪು: "ನಿಮ್ ಕೈಲಿ ಅಷ್ಟು ಬಲ ಇರಲ್ಲ, ಮೆಲ್ಲಗೆ ಹಾಕಿ ಸಾಕು."

ಈ ಎರಡೂ ಮಾತು ತಪ್ಪು. ಸುಮ್ನೆ ತಪ್ಪಾಗಿದ್ರೆ ಬಿಟ್ಬಿಡಬಹುದಿತ್ತು. ಆದ್ರೆ ಈ ಸಲಹೆ ಕೇಳಿ ಹದಿನೆಂಟು ಹತ್ತೊಂಬತ್ತಕ್ಕೇ ಭುಜ ಹಿಡ್ಕೊಂಡು ಕೂತಿರೋರು ಇದ್ದಾರೆ. ಅದಕ್ಕೇ ಈ ಸರಣಿ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

(2/6)
ಮೊದಲು ತೂಕದ ಲೆಕ್ಕ. ರಾಕೆಟ್ ಸುಮಾರು 300 ಗ್ರಾಂ. ಚೆಂಡು 60 ಗ್ರಾಂಗಿಂತಲೂ ಕಡಿಮೆ. ಇದನ್ನ ಎತ್ತೋಕೆ 15 ಕಿಲೋ ಡಂಬೆಲ್ ಯಾಕೆ? ಸರ್ವ್ ಅನ್ನೋದು ಭಾರ ಎತ್ತೋ ಕೆಲಸ ಅಲ್ಲ, ವೇಗ ಹುಟ್ಟಿಸೋ ಕೆಲಸ.

ಇನ್ನು ಬೈಸೆಪ್ಸ್ ವಿಷಯ. ಅದು ಮೊಣಕೈಯನ್ನ ಮಡಚೋ ಸ್ನಾಯು. ಆದ್ರೆ ಚೆಂಡಿಗೆ ಬಡಿಯೋ ಹೊತ್ತಿಗೆ ಮೊಣಕೈ ನೆಟ್ಟಗಾಗ್ತಿರಬೇಕು. ಅದು ಹಿಂದಿರೋ ಟ್ರೈಸೆಪ್ಸ್ ಕಡೆ ಕೆಲಸ. ಅಲ್ಲಿ ಬೈಸೆಪ್ಸ್ ಮಾಡೋದು ಹೆಚ್ಚಾಗಿ ಬ್ರೇಕ್ ಕೆಲಸ. ಅಂದ್ರೆ ನೀವು ಕನ್ನಡಿ ಮುಂದೆ ಬೆಳೆಸ್ತಿರೋದು ಬ್ರೇಕು, ಇಂಜಿನ್ ಅಲ್ಲ!

(3/6)
ಹಾಗಾದ್ರೆ ಇಂಜಿನ್ ಎಲ್ಲಿದೆ? ನೆಲದಲ್ಲಿ ಕಣ್ರೋ.

ಚೆಂಡು ಮೇಲಕ್ಕೆ ಎಸೆದಾಗ ಮಂಡಿ ಬಗ್ಗುತ್ತೆ. ತೊಡೆ, ಪೃಷ್ಠ, ಮೀನಖಂಡದ ಸ್ನಾಯುಗಳು ನೆಲವನ್ನ ಒತ್ತುತ್ತವೆ, ನೆಲ ಅಷ್ಟೇ ಬಲದಿಂದ ವಾಪಸ್ ತಳ್ಳುತ್ತೆ. ಆ ಬಲ ಸೊಂಟಕ್ಕೆ ಬರುತ್ತೆ, ಸೊಂಟ ತಿರುಗುತ್ತೆ. ಆಮೇಲೆ ಹೊಟ್ಟೆ, ಪಕ್ಕೆಯ ಸ್ನಾಯುಗಳು ಮುಂಡವನ್ನ ತಿರುಗಿಸ್ತವೆ. ಆಮೇಲೆ ಭುಜ, ಮೊಣಕೈ, ಮುಂಗೈ, ಕೊನೆಗೆ ರಾಕೆಟ್. ಸರ್ವ್‌ನ ಒಟ್ಟು ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ಕಾಲು, ಸೊಂಟ, ಮುಂಡದಿಂದಲೇ ಬರುತ್ತೆ.

ಜಾತ್ರೆಯಲ್ಲೋ ಹೊಲದಲ್ಲೋ ಬಾರುಕೋಲು ಬೀಸೋದು ನೋಡಿದೀರಾ? ಹಿಡಿ ಜಾಸ್ತಿ ಅಲ್ಲಾಡಲ್ಲ, ತುದಿ ಮಾತ್ರ ಛಟೀರ್ ಅನ್ನುತ್ತೆ. ನಿಮ್ಮ ಕೈ ಆ ಬಾರು. ಬಾರು ದಪ್ಪ ಮಾಡಿದ್ರೆ ಸದ್ದು ಜಾಸ್ತಿ ಆಗಲ್ಲ.

ನಂಬಿಕೆ ಇಲ್ವಾ? ನಾಳೆ ಎರಡೂ ಮಂಡಿ ನೆಲಕ್ಕೂರಿ ಸರ್ವ್ ಮಾಡಿ ನೋಡಿ. ಕೈ ಅದೇ, ರಾಕೆಟ್ ಅದೇ. ವೇಗ ಎಲ್ಲಿ ಹೋಯ್ತು ಅಂತ ಆಮೇಲೆ ನನಗೆ ಹೇಳಿ.

(4/6)
ಈಗ ಭುಜದ ಕಥೆ. ಇಲ್ಲೇ ಇರೋದು ಅಪಾಯ.

ಕಾಲು ಮೇಲಕ್ಕೆ ತಳ್ಳಿದಾಗ ರಾಕೆಟ್ ಬೆನ್ನ ಹಿಂದೆ ಕೆಳಗೆ ಇಳಿಯುತ್ತೆ. ಆಗ ಎದೆಯ ಪೆಕ್ಟೊರಾಲಿಸ್, ಬೆನ್ನಿನ ಲ್ಯಾಟಿಸಿಮಸ್ ರಬ್ಬರ್ ಬ್ಯಾಂಡ್ ಥರ ಎಳೆದುಕೊಳ್ತವೆ. ಎಳೆದ ತಕ್ಷಣ ಕುಗ್ಗಿದ್ರೆ ಆ ಶಕ್ತಿ ಸಿಗುತ್ತೆ. ನಡುವೆ ಪೋಸ್ ಕೊಟ್ಟು ನಿಂತ್ರೆ ಕರಗಿ ಹೋಗುತ್ತೆ. ಆಮೇಲೆ ತೋಳು ಒಳಮುಖವಾಗಿ ತಿರುಗುತ್ತೆ. ವೃತ್ತಿಪರ ಆಟಗಾರರಲ್ಲಿ ಈ ತಿರುಗುವಿಕೆ ಸೆಕೆಂಡಿಗೆ 2,000 ಡಿಗ್ರಿ ದಾಟುತ್ತೆ.

ಅಷ್ಟು ವೇಗದಲ್ಲಿ ತಿರುಗಿದ ತೋಳನ್ನ ನಿಲ್ಲಿಸೋರು ಯಾರು? ಭುಜದ ಹಿಂಭಾಗದ ಇನ್‌ಫ್ರಾಸ್ಪಿನೇಟಸ್, ಟೆರಿಸ್ ಮೈನರ್ ಅನ್ನೋ ಪುಟ್ಟ ಸ್ನಾಯುಗಳು. ಇವು ರೊಟೇಟರ್ ಕಫ್‌ನ ನಾಲ್ಕರಲ್ಲಿ ಎರಡು. ಉದ್ದ ಆಗ್ತಾ ಆಗ್ತಾನೇ ಬಲ ಹಾಕಬೇಕು. ಮೆಟ್ಟಿಲು ಇಳಿಯುವಾಗ ತೊಡೆ ಮಾಡ್ತದಲ್ಲ, ಆ ಥರದ ಕೆಲಸ.

ಕಾಲು ಕೊಡಬೇಕಾದ್ದನ್ನ ಕೊಡದೇ ಇದ್ರೆ ಭುಜ ಆ ಕೊರತೆ ತುಂಬಬೇಕು. ಬಿಕಾಂ ಭಾಷೇಲಿ ಹೇಳ್ತೀನಿ: ಅದು ಸಾಲ. ಪ್ರತಿ ಸರ್ವ್‌ಗೂ ಬಡ್ಡಿ ಬೆಳೀತಾ ಹೋಗುತ್ತೆ, ಒಂದಿನ ವಸೂಲಿಗೆ ಬರುತ್ತೆ. "ನೋವಿದ್ರೇನೇ ಬೆಳೆಯೋದು" ಅನ್ನೋರು ಆ ದಿನ ಆಸ್ಪತ್ರೆಗೆ ಜೊತೆಗೆ ಬರಲ್ಲ.

(5/6)
ದೊಡ್ಡವರನ್ನೇ ನೋಡಿ. 2008ರಲ್ಲಿ ಮರಿಯಾ ಶರಪೋವಾಗೆ ಭುಜದ ಶಸ್ತ್ರಚಿಕಿತ್ಸೆ ಆಯ್ತು, ಆಮೇಲೆ ಸರ್ವ್ ಮಾಡೋ ರೀತಿಯನ್ನೇ ತಿದ್ದಿಕೊಳ್ಳಬೇಕಾಯ್ತು. 2022ರ ವಿಂಬಲ್ಡನ್ ಸೆಮಿಫೈನಲ್‌ಗೆ ಮೊದಲೇ ರಾಫೆಲ್ ನಡಾಲ್ ಹಿಂದೆ ಸರಿದ್ರು. ಹರಿದಿದ್ದು ಯಾವ ಸ್ನಾಯು? ತೋಳಿನದ್ದಲ್ಲ, ಹೊಟ್ಟೆಯದ್ದು! ಸರ್ವ್ "ಬರೀ ಕೈ" ಆಗಿದ್ರೆ ಹೊಟ್ಟೆ ನೋವಿಗೆ ಯಾಕೆ ಹೆದರಬೇಕಿತ್ತು?

"ಹುಡುಗೀರ ಕೈಲಿ ಬಲ ಇಲ್ಲ" ಅನ್ನೋ ಅಣ್ಣಂದಿರಿಗೆ: 2012ರ ವಿಂಬಲ್ಡನ್ ಒಂದರಲ್ಲೇ ಸೆರೆನಾ ವಿಲಿಯಮ್ಸ್ ಹೊಡೆದಿದ್ದು 102 ಏಸ್. ಮೊದಲು ಅಷ್ಟು ಎಣಿಸಿ, ಆಮೇಲೆ ಮಾತಾಡಿ.

ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ಅವರ ದೊಡ್ಡ ಅಸ್ತ್ರನೇ ಸರ್ವ್. ಬರೀ ತೋಳಿನ ಜೋರಲ್ಲಿ ಹೊಡೆಯೋ ಭುಜ ಅಷ್ಟು ವರ್ಷ ಬಾಳುತ್ತಾ, ನೀವೇ ಹೇಳಿ.

(6/6)
"ಹಾಗಾದ್ರೆ ಜಿಮ್ ಬೇಡ್ವಾ?" ಬೇಕು. ಎತ್ತರನೂ ಲೆಕ್ಕಕ್ಕೆ ಬರುತ್ತೆ, ಬಲನೂ ಬರುತ್ತೆ. ನನ್ನ ತಕರಾರು ಎಲ್ಲಿ ಬಲ ಬೇಕು ಅನ್ನೋದರ ಬಗ್ಗೆ ಮಾತ್ರ. ಸ್ಕ್ವಾಟ್ ಮಾಡಿ, ಜಿಗಿಯಿರಿ, ಪ್ಲ್ಯಾಂಕ್ ಮಾಡಿ. ರಬ್ಬರ್ ಬ್ಯಾಂಡ್ ಹಿಡಿದು ತೋಳನ್ನ ಹೊರಮುಖವಾಗಿ ತಿರುಗಿಸೋ ವ್ಯಾಯಾಮ ಮಾಡಿ. ರೀಲ್ಸ್‌ನಲ್ಲಿ ಚೆನ್ನಾಗಿ ಕಾಣಲ್ಲ, ಆದ್ರೆ ಬ್ರೇಕ್ ಹಾಕೋ ಆ ಪುಟ್ಟ ಸ್ನಾಯುಗಳಿಗೆ ಅದೇ ಊಟ.

ಕಲಿಸೋರಿಗೆ ಒಂದೇ ಬೇಡಿಕೆ: "ಕೈಗೆ ಜೋರು ಹಾಕು" ಅನ್ನೋದನ್ನ ಬಿಟ್ಟು "ಮಂಡಿ ಬಗ್ಗಿಸು, ನೆಲ ತಳ್ಳು" ಅನ್ನಿ. ದಿನಕ್ಕೆ ಎಷ್ಟು ಸರ್ವ್ ಆಯ್ತು ಅಂತ ಎಣಿಸಿ. ಜೂನಿಯರ್ ಬಂದು "ಭುಜ ನೋಯ್ತಿದೆ" ಅಂದ್ರೆ ನಗಬೇಡಿ, ಆ ದಿನ ಸರ್ವ್ ನಿಲ್ಲಿಸಿ. ನೋವು ಹೋಗದಿದ್ರೆ ಫಿಸಿಯೋ ಹತ್ರ ಕಳಿಸಿ.

ಇನ್ನೂ "ಬೈಸೆಪ್ಸೇ ಎಲ್ಲ" ಅನ್ನೋರು ಮಂಡಿಯೂರಿ ಹೊಡೆದ ಸರ್ವ್‌ನ ವಿಡಿಯೋ ಕಾಮೆಂಟಲ್ಲಿ ಹಾಕಿ. ಕಾಯ್ತಿರ್ತೀನಿ. ಭುಜ ನೋವು ಅಂತಿರೋ ಫ್ರೆಂಡ್‌ಗೆ ಇದನ್ನ ಇವತ್ತೇ ಕಳಿಸಿ.

#ಟೆನಿಸ್ #ಸರ್ವ್ #ಭುಜಉಳಿಸಿ #ಕನ್ನಡದಲ್ಲಿಕ್ರೀಡೆ