ಒಂದು ಶಾಲೆಗೆ ಮೂವರು ಸಾಕು

ಇಂಟರ್ನ್‌ಶಿಪ್‌ನ ಹಂಚಿಕೆ ಪಟ್ಟಿ ತಯಾರಿಸುವ ದಿನಗಳಲ್ಲಿ ನಮ್ಮ ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಯಾವ ಶಾಲೆ ಎಷ್ಟು ಮಂದಿಯನ್ನು ತೆಗೆದುಕೊಳ್ಳುತ್ತದೆ?’ ಹತ್ತು ಮಂದಿಯನ್ನು ಒಟ್ಟಿಗೆ ತೆಗೆದುಕೊಳ್ಳುವ ಮುಖ್ಯಶಿಕ್ಷಕರು ಸಿಕ್ಕರೆ ಪಟ್ಟಿ ಬೇಗ ಮುಗಿಯುತ್ತದೆ. ಮೇಲ್ವಿಚಾರಕರ ಓಡಾಟವೂ ಕಡಿಮೆಯಾಗುತ್ತದೆ. ಆದರೆ ಈ ಅನುಕೂಲಕ್ಕೆ ಶಾಲೆಯ ಮಕ್ಕಳೂ ನಮ್ಮ ಪ್ರಶಿಕ್ಷಣಾರ್ಥಿಗಳೂ ದೊಡ್ಡ ಬೆಲೆ ತೆರುತ್ತಿದ್ದಾರೆ. ಸುಲ್ತಾನ್‌ಪೇಟೆ ಮತ್ತು ಅದರ ಸುತ್ತಲಿನ ಹಳೆಯ ಪೇಟೆಯ ಸಣ್ಣ ಶಾಲೆಗಳಲ್ಲಿ ಮೇಲ್ವಿಚಾರಣೆ ಮಾಡುತ್ತ ಬಂದ ನನಗೆ ಅನ್ನಿಸಿರುವುದಿಷ್ಟು: ಒಂದು ಸಣ್ಣ ಶಾಲೆಗೆ ಇಬ್ಬರು ಅಥವಾ ಮೂವರನ್ನು ಮಾತ್ರ ಕಳುಹಿಸಬೇಕು, ಒಬ್ಬೊಬ್ಬರನ್ನೂ ಆ ಶಾಲೆಯ ಒಬ್ಬ ಶಿಕ್ಷಕರ ಕೈಗೆ ಒಪ್ಪಿಸಬೇಕು. ವೇಳಾಪಟ್ಟಿ, ಅಂಕ, ಮೇಲ್ವಿಚಾರಣೆ ಎಲ್ಲವೂ ಇದಕ್ಕೆ ಹೊಂದಿಕೊಂಡು ನಡೆಯಬೇಕು.

ನಿಯಮ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯ ನಂತರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಾವಳಿ ತಂದಿತು. ಒಂದು ವರ್ಷದ ಬಿ.ಎಡ್. 2015-16ರಿಂದ ಎರಡು ವರ್ಷದ್ದಾಯಿತು. ಶಾಲಾ ಅನುಭವ 20 ವಾರಗಳಿಗೆ ಏರಿತು: ಮೊದಲ ವರ್ಷ 4, ಎರಡನೆಯ ವರ್ಷ 16. ಕಾಲೇಜಿನ ತರಗತಿಗಳಿಗೆ ಶೇ. 80 ಹಾಜರಾತಿ ಸಾಕು ಎಂದ ನಿಯಮವೇ ಇಂಟರ್ನ್‌ಶಿಪ್‌ಗೆ ಶೇ. 90 ಬೇಕು ಎಂದಿತು. ಹಳೆಯ ‘ಬೋಧನಾಭ್ಯಾಸ’ದಲ್ಲಿ ನಾವು ಪಾಠಗಳನ್ನು ಎಣಿಸುತ್ತಿದ್ದೆವು. ಹೊಸ ವ್ಯವಸ್ಥೆ ಬಯಸಿದ್ದು ಪ್ರಶಿಕ್ಷಣಾರ್ಥಿ ಶಾಲೆಯ ದಿನಚರಿಯೊಳಗೆ ಇದ್ದು ಕಲಿಯಬೇಕು ಎಂದು. ಹೆಸರು ಬದಲಾಗಿ ಹತ್ತು ವರ್ಷವಾಯಿತು. ಎಣಿಸುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ಅದೇ ನಿಯಮಾವಳಿ 1000 ವಿದ್ಯಾರ್ಥಿಗಳವರೆಗಿನ ಶಾಲೆಗೆ ಹತ್ತಕ್ಕಿಂತ ಹೆಚ್ಚು ಪ್ರಶಿಕ್ಷಣಾರ್ಥಿಗಳನ್ನು ಕಳುಹಿಸಬಾರದು ಎನ್ನುತ್ತದೆ. ಇದು ಗರಿಷ್ಠ ಮಿತಿ. ನಾವು ಅದನ್ನು ಗುರಿಯ ಹಾಗೆ ಓದಿಕೊಂಡಿದ್ದೇವೆ. 900 ಮಕ್ಕಳ ಶಾಲೆಗೂ 90 ಮಕ್ಕಳ ಶಾಲೆಗೂ ಹತ್ತು ಎಂಬ ಅಂಕಿ ಒಂದೇ ಆಗುವುದು ಹೇಗೆ? ಪೇಟೆಯ ಶಾಲೆಗಳಲ್ಲಿ ಅನೇಕವು ಎಂಟು, ಒಂಬತ್ತು, ಹತ್ತನೆಯ ತರಗತಿಗೆ ಒಂದೊಂದೇ ವಿಭಾಗ ಇರುವಂಥವು. ದಿನಕ್ಕೆ ಏಳು ಪೀರಿಯಡ್ ಎಂದಿಟ್ಟುಕೊಂಡರೆ ಒಟ್ಟು 21. ಹತ್ತನೆಯ ತರಗತಿಯನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬೇಕೆಂದು ಕೇಳುವುದೂ ಸರಿಯಲ್ಲ. ಉಳಿದದ್ದು 14. ಹತ್ತು ಮಂದಿ ದಿನಕ್ಕೆ ಒಂದೊಂದೇ ಪಾಠ ಮಾಡಿದರೂ ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳು ದಿನದ ಬಹುಪಾಲು ಪ್ರಶಿಕ್ಷಣಾರ್ಥಿಗಳ ಮುಂದೆಯೇ ಕೂರಬೇಕು. ಪಾಠ ಸಿಗದವರು ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿ ಕುಳಿತು ರೆಕಾರ್ಡ್ ಬರೆಯುತ್ತಾರೆ.

ಇದನ್ನು ಮಗುವಿನ ಕಡೆಯಿಂದ ಲೆಕ್ಕ ಹಾಕಿ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ಶಾಲಾ ದಿನಗಳನ್ನು ನಿಗದಿ ಮಾಡಿದೆ. ನಮ್ಮ 16 ವಾರವೆಂದರೆ, ವಾರಕ್ಕೆ ಆರು ದಿನದಂತೆ, 96 ದಿನ. ವರ್ಷದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅಷ್ಟೂ ದಿನ ಒಂದು ತರಗತಿ ಹೊಸಬರ ಪ್ರಯೋಗಕ್ಕೆ ಸಿಕ್ಕಿದರೆ, ಆ ಮಗುವಿಗೆ ಎಂಟನೆಯ ತರಗತಿ ಎರಡನೆಯ ಸಲ ಸಿಗುವುದಿಲ್ಲ. ಟ್ಯೂಷನ್ನಿಗೆ ದುಡ್ಡು ಕೊಡಬಲ್ಲ ಮನೆಗಳ ಮಕ್ಕಳು ಹೇಗೋ ಸರಿದೂಗಿಸಿಕೊಂಡಾರು. ಪೇಟೆಯ ಗೋದಾಮು, ಪ್ರೆಸ್ಸು, ಹೋಟೆಲುಗಳಲ್ಲಿ ದುಡಿಯುವವರ ಮಕ್ಕಳಿಗೆ ಆ ದಾರಿ ಇಲ್ಲ.

ಹಾಗಾದರೆ ಪೇಟೆಯ ಶಾಲೆಗಳನ್ನು ಬಿಟ್ಟು ದೊಡ್ಡ ಶಾಲೆಗಳಿಗೇ ಹೋಗಬೇಕೆ? ಖಂಡಿತ ಬೇಡ. ಕಲಿಯುವವರಿಗೆ ಇಷ್ಟು ಕೊಡುವ ಶಾಲೆಗಳು ಬೇರೆ ಕಡೆ ಸಿಗುವುದು ಕಷ್ಟ. ಒಂದೇ ಬೆಂಚಿನಲ್ಲಿ ತೆಲುಗು, ತಮಿಳು, ಉರ್ದು, ಮರಾಠಿ, ಹಿಂದಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಯಾವ ಮಗು ಕನ್ನಡದ ಪ್ರಶ್ನೆ ಅರ್ಥವಾಗದೆ ಸುಮ್ಮನಿದೆ, ಯಾವ ಮಗು ಅರ್ಥವಾಗಿಯೂ ಉತ್ತರಕ್ಕೆ ಪದ ಸಿಗದೆ ಸುಮ್ಮನಿದೆ ಎಂಬುದು ಅಲ್ಲಿನ ಶಿಕ್ಷಕರಿಗೆ ಗೊತ್ತು. ಕಾಲೇಜಿನಿಂದ ತಿಂಗಳಿಗೆ ಎರಡು ಸಲ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವ ನನಗೆ ಅದು ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪೇಟೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೆಯ ತರಗತಿಗೆ ನೇರ ಅನುಪಾತದ ಪಾಠಯೋಜನೆ ಬರೆದಿದ್ದರು. ಪೆನ್ನಿನ ಬೆಲೆ, ಬಟ್ಟೆಯ ಬೆಲೆ, ಎಲ್ಲವೂ ಪುಸ್ತಕದಲ್ಲಿರುವಂತೆಯೇ. ಹಂತಗಳು ಸರಿಯಾಗಿದ್ದವು, ನಾನಾಗಿದ್ದರೆ ಸಹಿ ಹಾಕಿ ಕಳುಹಿಸುತ್ತಿದ್ದೆ. ಮಾರ್ಗದರ್ಶಿ ಶಿಕ್ಷಕಿ ಯೋಜನೆಯನ್ನು ಓದಿ, ‘ಇವರಲ್ಲಿ ನಾಲ್ಕೈದು ಮಕ್ಕಳ ಮನೆಯವರು ಲಗ್ನಪತ್ರಿಕೆ ಅಂಗಡಿಗಳಲ್ಲೇ ಇರೋದು. ನೂರು ಕಾರ್ಡಿಗೆ ಎಷ್ಟು, ಸಾವಿರಕ್ಕೆ ಎಷ್ಟು ಅಂತ ಕೇಳಿ ನೋಡಮ್ಮ’ ಎಂದರು. ಮರುದಿನ ಕೇಳಿದಾಗ ಒಬ್ಬ ಹುಡುಗ, ಸಾವಿರ ಕಾರ್ಡಿಗೆ ನೂರರ ಹತ್ತು ಪಟ್ಟು ಆಗುವುದಿಲ್ಲ, ಕಡಿಮೆ ಆಗುತ್ತದೆ ಎಂದ. ಏಕೆ ಎಂಬ ಪ್ರಶ್ನೆ ಬಂತು. ಅಚ್ಚಿನ ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ ಎಂದು ಮಕ್ಕಳೇ ಹೇಳಿದರು. ಕಾಗದದ ಖರ್ಚು ನೇರ ಅನುಪಾತದಲ್ಲಿದೆ, ಒಟ್ಟು ಖರ್ಚು ಇಲ್ಲ ಎಂಬಲ್ಲಿಗೆ ಪಾಠ ಬಂದು ನಿಂತಿತು. ‘ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುವುದೇ ನೇರ ಅನುಪಾತ’ ಎಂಬ ತಪ್ಪು ಗ್ರಹಿಕೆ ಆ ತರಗತಿಯಲ್ಲಿ ಅಂದೇ ಸರಿಯಾಯಿತು. ಆ ಶಾಲೆಯಲ್ಲಿ ಇದ್ದದ್ದು ಇಬ್ಬರೇ ಪ್ರಶಿಕ್ಷಣಾರ್ಥಿಗಳು. ಹತ್ತು ಮಂದಿ ಇದ್ದಿದ್ದರೆ ಒಬ್ಬರ ಪಾಠಯೋಜನೆಯನ್ನು ಹಿಂದಿನ ದಿನವೇ ಓದಲು ಆ ಶಿಕ್ಷಕಿಗೆ ಬಿಡುವೆಲ್ಲಿ?

ಇನ್ನೊಂದು ಕಷ್ಟವೂ ಇದೆ. ಸಿಬ್ಬಂದಿ ಕಡಿಮೆಯಿರುವ ಶಾಲೆಗೆ ಪ್ರಶಿಕ್ಷಣಾರ್ಥಿಗಳು ಸಂಬಳವಿಲ್ಲದ ಬದಲಿ ಶಿಕ್ಷಕರಾಗಿ ಕಾಣುತ್ತಾರೆ. ಚುನಾವಣೆ, ಗಣತಿ ಬಂದಾಗ ಇದು ಹೆಚ್ಚುತ್ತದೆ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೂ ಮನೆಮನೆಗೆ ಹೋದವರು ಶಿಕ್ಷಕರೇ. ಮುಖ್ಯಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಮೊದಲೇ ಒಂದು ಪುಟದ ಒಪ್ಪಂದ ಇರಲಿ: ಮಾರ್ಗದರ್ಶಿ ಶಿಕ್ಷಕರು ಯಾರು, ಪ್ರಶಿಕ್ಷಣಾರ್ಥಿ ಮೊದಲ ಎರಡು ವಾರ ಬರೀ ವೀಕ್ಷಣೆ ಮಾಡುವರೇ, ತರಗತಿಯಲ್ಲಿ ಒಬ್ಬರೇ ಇರಬಹುದಾದ ಪೀರಿಯಡ್‌ಗಳು ವಾರಕ್ಕೆ ಎಷ್ಟು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಬರೆದಿಟ್ಟ ಮಾತು ಎರಡೂ ಕಡೆಯವರ ಮುಜುಗರ ತಪ್ಪಿಸುತ್ತದೆ.

ಕಾಲದ ಹೊಂದಾಣಿಕೆಯೂ ಇದೇ ಒಪ್ಪಂದದ ಭಾಗವಾಗಬೇಕು. ಸೆಮಿಸ್ಟರ್ ತಡವಾಗಿ ಇಂಟರ್ನ್‌ಶಿಪ್ ಜನವರಿಯ ನಂತರಕ್ಕೆ ಜಾರಿದರೆ ಶಾಲೆ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತೆಯಲ್ಲಿ ಮುಳುಗಿರುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದಾಗ ಶಿಕ್ಷಕರ ಬಿಡುವು ಇನ್ನೂ ಕಡಿಮೆಯಾಗಿತ್ತು. ಶಾಲೆ ತೆರೆಯುವ ದಿನಗಳಲ್ಲಿ ದಾಖಲಾತಿ, ಸೇತುಬಂಧ, ಘಟಕ ಪರೀಕ್ಷೆಗಳ ಯೋಜನೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡದೆಯೇ ಎಷ್ಟೋ ಮಂದಿ ಬಿ.ಎಡ್. ಮುಗಿಸುತ್ತಾರೆ. ವಿಶ್ವವಿದ್ಯಾಲಯಗಳು ಮೂರನೆಯ ಸೆಮಿಸ್ಟರನ್ನು ಶಾಲೆಯ ಪಂಚಾಂಗ ನೋಡಿ ನಿಗದಿ ಮಾಡಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಅಷ್ಟು ಶಾಲೆಗಳಿಗೆ ಓಡಾಡಲು ಜನರೆಲ್ಲಿ? ನಿಯಮದ ಪ್ರಕಾರ ವರ್ಷಕ್ಕೆ ನೂರು ಮಂದಿಯನ್ನು ಸೇರಿಸಿಕೊಳ್ಳುವ ಕಾಲೇಜಿಗೆ ಪ್ರಾಂಶುಪಾಲರೂ ಸೇರಿ 16 ಅಧ್ಯಾಪಕರು ಇರಬೇಕು. ಶಾಲೆಗೆ ಮೂವರಂತೆ ಹಂಚಿದರೆ 33 ಅಥವಾ 34 ಶಾಲೆ. 15 ಮಂದಿ ಅಧ್ಯಾಪಕರಲ್ಲಿ ಒಬ್ಬೊಬ್ಬರಿಗೆ ಎರಡು, ಕೆಲವರಿಗೆ ಮೂರು. ವಾರದಲ್ಲಿ ಎರಡು ಬೆಳಗಿನ ಹೊತ್ತು ಮೀಸಲಿಟ್ಟರೆ ಸಾಕು, ಮೊದಲ ವರ್ಷದ ತರಗತಿಗಳೂ ನಡೆಯುತ್ತವೆ. ಹುದ್ದೆಗಳು ಖಾಲಿ ಇದ್ದರೆ ಈ ಲೆಕ್ಕ ಕೂಡಿಬರುವುದಿಲ್ಲ ನಿಜ. ಆಗ ಕೇಳಬೇಕಾದದ್ದು ಅಧ್ಯಾಪಕರನ್ನು. ಶಾಲೆಯ ಮೇಲೆ ಹತ್ತು ಮಂದಿಯನ್ನು ಹೇರುವುದು ಪರಿಹಾರವಲ್ಲ. ದೂರದ ಮಾತಿಗೆ ಬಂದರೆ ಹಳೆಯ ಬೆಂಗಳೂರು ನಮಗೆ ಅನುಕೂಲವಾಗಿಯೇ ಇದೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಮಾರ್ಕೆಟ್ಟು, ಬಸವನಗುಡಿಯ ನ್ಯಾಷನಲ್ ಕಾಲೇಜು, ಇವೆಲ್ಲ ಮೆಟ್ರೊದ ಒಂದೇ ಹಸಿರು ಮಾರ್ಗದಲ್ಲಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಪ್ರಶಿಕ್ಷಣಾರ್ಥಿನಿಯರಿಗೆ ಸಾಮಾನ್ಯ ಬಸ್ಸಿನ ಖರ್ಚೂ ಇಲ್ಲ.

ಎರಡನೆಯ ಆಕ್ಷೇಪ ಅಂಕಗಳದ್ದು. ಶಾಲಾ ಶಿಕ್ಷಕರ ಕೈಗೆ ಅಂಕ ಕೊಟ್ಟರೆ ಧಾರಾಳವಾಗಿ ಹಾಕಿಬಿಡುತ್ತಾರೆ ಎನ್ನುತ್ತಾರೆ. ನಮ್ಮ ಆಂತರಿಕ ಅಂಕಗಳು ಎಷ್ಟು ಬಿಗಿ ಎಂಬುದು ನಮಗೂ ಗೊತ್ತಿದೆ. ವೈದ್ಯಕೀಯ ಕಾಲೇಜಿಗೆ ತನ್ನದೇ ಆಸ್ಪತ್ರೆ ಇರುತ್ತದೆ. ಅಲ್ಲಿ ರೋಗಿಯನ್ನು ನೋಡುವವರೇ ವಿದ್ಯಾರ್ಥಿಗೂ ಕಲಿಸುತ್ತಾರೆ. ನಮ್ಮಲ್ಲಿ 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ಅದರದೇ ಪ್ರಾತ್ಯಕ್ಷಿಕೆ ಶಾಲೆ ಇದೆ. ಅಂಥ ಶಾಲೆಯಿಲ್ಲದ ನಾವು ಬೇರೆಯವರ ಶಾಲೆಯನ್ನು ನಂಬಿದ್ದೇವೆ. ಹಾಗಿರುವಾಗ ಅಲ್ಲಿ ದಿನವೂ ಕಲಿಸುವವರ ಮಾತಿಗೆ ನಮ್ಮ ಅಂಕಪಟ್ಟಿಯಲ್ಲಿ ಅರ್ಧದಷ್ಟಾದರೂ ತೂಕ ಇರಬೇಕು. ಅಂಕದ ಜೊತೆಗೆ ಎರಡು ಸಾಲು ಕಾರಣ ಬರೆಯಬೇಕೆಂದು ಕೇಳಿದರೆ ಧಾರಾಳತನಕ್ಕೆ ಅಂಕುಶವೂ ಬೀಳುತ್ತದೆ.

ಕೊನೆಯದಾಗಿ, ಶಾಲೆಗೆ ನಾವು ಏನು ಹಿಂತಿರುಗಿಸುತ್ತೇವೆ? ಬೀಳ್ಕೊಡುಗೆಯ ದಿನ ಒಂದು ಗಡಿಯಾರವನ್ನೋ ಚಿತ್ರಪಟವನ್ನೋ ಕೊಟ್ಟು ಬರುವುದು ವಾಡಿಕೆ. ಅದರ ಬದಲು, ಓದಲು ತಡವರಿಸುವ ಐದು ಮಕ್ಕಳನ್ನು ಒಬ್ಬೊಬ್ಬ ಪ್ರಶಿಕ್ಷಣಾರ್ಥಿಗೂ 16 ವಾರದ ಹೊಣೆಯಾಗಿ ಕೊಡೋಣ. ಮೂವರಿದ್ದರೆ 15 ಮಕ್ಕಳು. ಮೊದಲ ವಾರ ಆ ಮಕ್ಕಳು ಏನನ್ನು ಓದಬಲ್ಲವರಾಗಿದ್ದರು, ಕೊನೆಯ ವಾರ ಏನನ್ನು ಓದಿದರು ಎಂಬುದು ಮಾರ್ಗದರ್ಶಿ ಶಿಕ್ಷಕರ ಸಹಿಯೊಂದಿಗೆ ರೆಕಾರ್ಡಿನ ಮೊದಲ ಪುಟದಲ್ಲಿರಲಿ. ಮುಂದಿನ ವರ್ಷದ ಹಂಚಿಕೆ ಪಟ್ಟಿಯನ್ನು ನಾವು ಆ ಪುಟ ನೋಡಿ ತಯಾರಿಸೋಣ.