ಚಿಟ್ಟೆ ಬೇಕೆಂದರೆ ಚಗಳಿ ಗೂಡೂ ಬೇಕು

ಹೂಗಿಡ ನೆಟ್ಟರೆ ಚಿಟ್ಟೆ ತಾನಾಗಿ ಬರುತ್ತದೆ ಎಂದು ನಂಬಿದವರು ಬಹಳ. ಲೈಫೈರಾ ಬ್ರಾಸೋಲಿಸ್ ಎಂಬ ಚಿಟ್ಟೆಯ ಮಟ್ಟಿಗೆ ಆ ನಂಬಿಕೆ ನಡೆಯುವುದಿಲ್ಲ. ಅದಕ್ಕೆ ಬೇಕಾದ್ದು ಚಗಳಿ ಇರುವೆಯ ಗೂಡು.

ಪಶ್ಚಿಮ ಘಟ್ಟವೂ ಸೇರಿದಂತೆ ಭಾರತದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಅಲ್ಲಲ್ಲಿ ಅಪರೂಪಕ್ಕೆ ಕಾಣುವ ಈ ಚಿಟ್ಟೆ, ಚಗಳಿಗಳು ಓಡಾಡುವ ಮರದಲ್ಲೇ ಮೊಟ್ಟೆಯಿಡುತ್ತದೆ. ಇದರ ಮರಿಹುಳು ಎಲೆ ಮೇಯುವುದಿಲ್ಲ. ಇರುವೆಗಳು ಎಲೆ ಹೊಲಿದು ಕಟ್ಟಿದ ಗೂಡಿನೊಳಗೆ ನುಗ್ಗಿ ಅವುಗಳ ಮರಿಗಳನ್ನೇ ತಿಂದು ಬೆಳೆಯುತ್ತದೆ. ಮುಟ್ಟಿದವರನ್ನು ಉರಿಯುವಂತೆ ಕಚ್ಚುವ ಚಗಳಿ ಸುಮ್ಮನಿರುತ್ತದೆಯೇ? ಇಲ್ಲ. ಆದರೆ ಹುಳುವಿನ ಮೈ ಆಮೆಯ ಚಿಪ್ಪಿನಂತೆ ಗಟ್ಟಿ, ಚಪ್ಪಟೆ. ಅಂಚನ್ನು ಎಲೆಗೆ ಒತ್ತಿಕೊಂಡು ಕುಳಿತರೆ ಇರುವೆಯ ದವಡೆಗೆ ಹಿಡಿತವೇ ಸಿಗದು. ಆ ಚರ್ಮದೊಳಗೇ ಅದು ಕೋಶಾವಸ್ಥೆಯನ್ನೂ ಕಳೆಯುತ್ತದೆ. ನಿಜವಾದ ಗಂಡಾಂತರ ಹೊರಬರುವ ಗಳಿಗೆಯದು. ರೆಕ್ಕೆ ಇನ್ನೂ ಬಿಚ್ಚಿರುವುದಿಲ್ಲ, ಸುತ್ತ ಇರುವೆಗಳು. ಆಗ ಮೈತುಂಬ ಸಡಿಲವಾಗಿ ಅಂಟಿಕೊಂಡ ಬಿಳಿ ಹುರುಪೆಗಳು ಕಚ್ಚಲು ಬಂದವುಗಳ ಬಾಯಿಗೆ, ಕಾಲಿಗೆ ಮೆತ್ತಿಕೊಳ್ಳುತ್ತವೆ. ಅವು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಚಿಟ್ಟೆ ಪಾರು.

ಇದರ ಬಂಧುಗಳಾದ ಅನೇಕ ನೀಲಿ ಚಿಟ್ಟೆಗಳ ಹುಳುಗಳು ಇರುವೆಗೆ ಸಿಹಿ ದ್ರವ ಕೊಟ್ಟು ಕಾವಲು ಪಡೆಯುತ್ತವೆ. ಲೈಫೈರಾ ಏನನ್ನೂ ಕೊಡುವುದಿಲ್ಲ. ಆದರೂ ಚಗಳಿಯಿಲ್ಲದೆ ಅದಕ್ಕೆ ಬದುಕಿಲ್ಲ.

ಇರುವೆಯನ್ನು ಮರೆತು ಚಿಟ್ಟೆಯನ್ನು ಉಳಿಸಹೊರಟರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ಕಂಡಿದೆ. ಅಲ್ಲಿ ಲಾರ್ಜ್ ಬ್ಲೂ ಚಿಟ್ಟೆಯನ್ನು ಸಂಗ್ರಾಹಕರಿಂದ ಕಾಪಾಡಲು ಬೇಲಿ ಹಾಕಿದರು. ಬೇಲಿ ಮೇಯುವ ಪ್ರಾಣಿಗಳನ್ನೂ ತಡೆಯಿತು. ಹುಲ್ಲು ಎತ್ತರವಾಗಿ ನೆಲ ತಂಪಾಯಿತು, ಈ ಚಿಟ್ಟೆಯ ಹುಳುವನ್ನು ಸಾಕುವ ಇರುವೆ ಕಡಿಮೆಯಾಯಿತು. 1979ರಲ್ಲಿ ಆ ಚಿಟ್ಟೆ ಅಲ್ಲಿಂದ ಅಳಿಯಿತು. ವಿಜ್ಞಾನಿ ಜೆರೆಮಿ ಥಾಮಸ್ ಕಾರಣ ಹುಡುಕಿ ದನಕುರಿ ಮೇಯಿಸುವ ಕ್ರಮ ಸರಿಪಡಿಸಿದ ಮೇಲೆ, 1983ರಿಂದ ಸ್ವೀಡನ್ನಿನ ಚಿಟ್ಟೆಗಳನ್ನು ತಂದು ಬಿಡಲಾಯಿತು.

ನಮ್ಮ ತೋಟಗಳಲ್ಲಿ ಚಗಳಿ ಗೂಡು ಕಂಡರೆ ಸುಡುವವರೂ ವಿಷ ಹೊಡೆಯುವವರೂ ಇದ್ದಾರೆ. ಅವರ ಕಷ್ಟ ಸುಳ್ಳಲ್ಲ: ಕಾಯಿ ಕೀಳುವವರ ಕೈ ಉರಿಯುತ್ತದೆ, ಹಿಟ್ಟು ತಿಗಣೆಗೆ ಇದೇ ಇರುವೆ ಕಾವಲು ನಿಲ್ಲುತ್ತದೆ. ಆದರೆ ಗೇರು ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯನ್ನು ಹಿಡಿಯುವುದೂ ಚಗಳಿಯೇ. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ಸಂಶೋಧಕರು ಇದನ್ನು ಕೀಟನಾಶಕದ ಬದಲು ಬಳಸಿ ನೋಡಿದ್ದಾರೆ. ಕರಾವಳಿಯ ಗೇರು ಬೆಳೆಗಾರರಿಗೆ ಸಿಂಪರಣೆಯ ಸಲಹೆ ಕೊಡುವವರು ಮೊದಲು ಮರ ನೋಡಲಿ. ಚಗಳಿ ತುಂಬಿದ ಮರಗಳನ್ನು ಔಷಧಿಯಿಂದ ಹೊರಗಿಡುವಂತೆ ಹೇಳಲಿ.