ವೈದ್ಯರಿಗೂ ವಿಶ್ರಾಂತಿ ಬೇಕು

ಮುಂದೆ ಏನಾಗಬೇಕೆಂದು ಗುರುಗಳು ಕೇಳಿದಾಗ, ‘ಡಾಕ್ಟರ್’ ಎಂದು ಕೈಯೆತ್ತುವವರು ನಮ್ಮ ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ. ಆದರೆ ಆ ಹಾದಿ ಎಷ್ಟು ದೀರ್ಘವೆಂಬುದನ್ನು ಬಲ್ಲವರು ವಿರಳ. ಎಂ.ಬಿ.ಬಿ.ಎಸ್. ಪದವಿಗೆ ಆಸ್ಪತ್ರೆಯ ಒಂದು ವರ್ಷದ ಸೇವೆಯೂ ಸೇರಿ ಐದೂವರೆ ವರ್ಷ ಬೇಕು. ಅನಂತರ ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಎಂ.ಡಿ. ಅಥವಾ ಎಂ.ಎಸ್. ವ್ಯಾಸಂಗ 3 ವರ್ಷ. ಹೃದ್ರೋಗ, ನರರೋಗ ಮೊದಲಾದವುಗಳಲ್ಲಿ ವಿಶೇಷ ಪರಿಣತಿ ಬೇಕಾದರೆ ಮತ್ತೆ 3 ವರ್ಷ.

ಈ ಸ್ನಾತಕೋತ್ತರ ವಿದ್ಯಾರ್ಥಿಗಳು ಪುಸ್ತಕವನ್ನಷ್ಟೇ ಓದುವವರಲ್ಲ. ಅವರು ಆಸ್ಪತ್ರೆಯ ನಿವಾಸಿ ವೈದ್ಯರೂ ಹೌದು. ನಡುರಾತ್ರಿ ನಾವು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರೆ ಮೊದಲು ನಾಡಿ ಹಿಡಿದು ನೋಡುವವರು ಬಹುಮಟ್ಟಿಗೆ ಇವರೇ. ಹಗಲಿನ ಕೆಲಸ ಮುಗಿಸಿ, ರಾತ್ರಿಯ ಸರದಿಯನ್ನೂ ಮಾಡಿ, ಮರುದಿನವೂ ವಾರ್ಡಿನಲ್ಲಿ ನಿಲ್ಲುವ ಪ್ರಸಂಗ ಅವರಿಗೆ ಹೊಸದಲ್ಲ.

ಇದು ಯೋಗ್ಯವೇ? ಕಷ್ಟಪಡದೆ ವಿದ್ಯೆ ಬಾರದು, ರೋಗದ ಗತಿಯನ್ನು ಹಗಲಿರುಳೂ ಕಂಡವನೇ ತಜ್ಞನಾಗುವನು ಎಂದು ಹಿರಿಯರು ಹೇಳುವರು. ಆ ಮಾತಿನಲ್ಲಿ ಸತ್ಯವಿದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿಯನ್ನು ಒಪ್ಪಿಸುವಾಗ ಮುಖ್ಯ ಸಂಗತಿ ಬಿಟ್ಟುಹೋಗುವ ಭಯವೂ ಉಂಟು. ಆದರೆ ನಿದ್ರೆಯಿಲ್ಲದ ಕಣ್ಣು ಏನನ್ನು ತಾನೇ ಕಂಡೀತು? ವಿಮಾನ ನಡೆಸುವವರಿಗೆ ಕೆಲಸದ ಗಂಟೆಗಳ ಮಿತಿಯುಂಟು. ಪ್ರಾಣವನ್ನೇ ಕೈಯಲ್ಲಿ ಹಿಡಿದ ವೈದ್ಯರಿಗೆ ಅದು ಬೇಡವೇ?

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ತರುಣಿಯೊಬ್ಬಳು ಮೃತಳಾದಳು. ಆಕೆಯ ತಂದೆ ಎತ್ತಿದ ಪ್ರಶ್ನೆಯ ಫಲವಾಗಿ ಆ ರಾಜ್ಯವು 1989ರಲ್ಲಿ ನಿವಾಸಿ ವೈದ್ಯರ ಕೆಲಸಕ್ಕೆ ವಾರಕ್ಕೆ 80 ಗಂಟೆಗಳ ಮಿತಿ ಹಾಕಿತು. ನಮ್ಮ ಕೇಂದ್ರ ಸರಕಾರವೂ 1992ರಲ್ಲಿ, ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆ ಮೀರಬಾರದೆಂದು ನಿರ್ದೇಶಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳಾದರೋ ‘ಯುಕ್ತ’ ಅವಧಿಯ ಕೆಲಸ, ‘ಯುಕ್ತ’ ವಿಶ್ರಾಂತಿ ಎಂದಷ್ಟೇ ಹೇಳುತ್ತವೆ. ಯುಕ್ತವೆಂದರೆ ಎಷ್ಟು ಗಂಟೆ? ಅದನ್ನು ಅಂಕಿಯಲ್ಲಿ ಬರೆದು, ಬರೆದಂತೆ ನಡೆಯಿಸಬೇಕು. ಅದಕ್ಕೆ ಬೇಕಾದಷ್ಟು ವೈದ್ಯರನ್ನೂ ನೇಮಿಸಬೇಕು. ಇಲ್ಲವಾದರೆ ಒಬ್ಬರ ವಿಶ್ರಾಂತಿ ಇನ್ನೊಬ್ಬರ ಹೊರೆಯಾದೀತು.

ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಆ ಬಿಳಿಯ ನಿಲುವಂಗಿ ತೊಡುವಿರಿ. ಉಳಿದವರು ಎಂದಾದರೊಮ್ಮೆ ರೋಗಿಗಳಾಗಿ ಅವರೆದುರು ನಿಲ್ಲುವಿರಿ. ಆದುದರಿಂದ ಇದು ನಮ್ಮೆಲ್ಲರ ಪ್ರಶ್ನೆ. ಸೇವೆಯೆಂಬುದು ದೊಡ್ಡ ಮಾತು. ಆದರೆ ಸೇವೆ ಮಾಡುವ ಕೈ ನಡುಗದಂತೆ ನೋಡಿಕೊಳ್ಳುವುದು ಸಮಾಜದ ಧರ್ಮ.